ಒಬ್ಬರಿಗೊಂದೇ ಬಾಟಲಿ: ದಾವಣಗೆರೆಯ ಒಂದು ಟೆರೇಸ್ ಪಾರ್ಟಿಯ ಪ್ರಕರಣ

ಹನ್ನೆರಡು ಸ್ಟ್ರಾಂಗ್ ಬಿಯರ್ ಬಾಟಲಿಗಳನ್ನು ತಂದವರು ಹುಡುಗರಲ್ಲ, ಮನೆಯ ಯಜಮಾನರೇ. ಮಧ್ಯಾಹ್ನವೇ ತಂದು ಫ್ರಿಜ್ಜಿನಲ್ಲಿ ಹಾಲು ಮೊಸರಿನ ಪಕ್ಕ ಅಡ್ಡಡ್ಡ ಮಲಗಿಸಿ ಮಗನಿಗೆ ಹೇಳಿದ್ದರು: "ನೋಡಪಾ, ಒಬ್ಬರಿಗೊಂದೇ ಬಾಟಲಿ. ಅದರ ಮೇಲೆ ಬೇಡ. ಎಲ್ಲೋ ಬೈಪಾಸ್ ಕಡೆ ಹೋಗಿ ಕುಡ್ಕೊಂಡು ಬೀಳೋದಕ್ಕಿಂತ ಮನೇಲೇ ಕಣ್ಣೆದುರಿಗೆ ಇರ್ಲಿ." ಅದೇ ರಾತ್ರಿ ಹನ್ನೊಂದೂಕಾಲಿಗೆ ಅವರು ಆಸ್ಪತ್ರೆಯ ತುರ್ತು ವಿಭಾಗದ ಮುಂದೆ ನಿಂತಿದ್ದರು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದವನು ಅವರ ಮಗನಲ್ಲ. ನೋಂದಣಿ ಚೀಟಿ ಬರೆಯುವವರು ಹುಡುಗನ ತಂದೆಯ ಹೆಸರು ಕೇಳಿದಾಗ ಹೇಳಲು ಅವರಿಗೆ ಗೊತ್ತಿರಲಿಲ್ಲ.

ಇದು ಮಾದರಿ ಪ್ರಕರಣ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ರಾತ್ರಿಗೆ ಹೆಣೆದು ಬರೆದಿದೆ. ಯಾವ ಒಂದು ಕುಟುಂಬದ ಕಥೆಯೂ ಅಲ್ಲ. ಲೆಕ್ಕಗಳು, ದೇಹದಲ್ಲಿ ಆಗುವ ಬದಲಾವಣೆಗಳು, ಕಾನೂನು ಮಾತ್ರ ಇದ್ದದ್ದು ಇದ್ದಂತೆ.

ಮನೆ

ವಿದ್ಯಾನಗರದ ಕಡೆ ಎರಡಂತಸ್ತಿನ ಮನೆ. ತಂದೆಗೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ, ತಾಯಿಗೆ ಬ್ಯಾಂಕಿನಲ್ಲಿ ಕೆಲಸ. ಮಗಳು ಒಂಬತ್ತನೇ ಕ್ಲಾಸು. ಮಗನ ದ್ವಿತೀಯ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಆ ಶನಿವಾರಕ್ಕೆ ಅವನಿಗೆ ಹದಿನೆಂಟು ತುಂಬಿತು. ಎರಡು ಖುಷಿ ಒಟ್ಟಿಗೆ ಬಂದವು, ಒಂದೇ ಪಾರ್ಟಿ ಅಂತಾಯಿತು.

ಬಿಯರ್ ಕೇಳಿದ್ದು ಮಗ. ತಂದೆ ಎರಡು ದಿನ ಸುಮ್ಮನಿದ್ದು ಹೂಂ ಅಂದರು. ತಾಯಿಗೆ ಇಷ್ಟವಿರಲಿಲ್ಲ. ಅವರು ಒಪ್ಪಿದರು ಅನ್ನುವುದಕ್ಕಿಂತ ಬೇಡ ಅನ್ನಲಿಲ್ಲ ಅನ್ನುವುದು ಸರಿ. ಗಂಡಸರ ವಿಷಯ, ತಂದೆ ಮಗ ನೋಡಿಕೊಳ್ಳುತ್ತಾರೆ ಎಂದು ಅಡುಗೆಯ ಕಡೆ ತಿರುಗಿದರು. ಇಂಥ ಎಷ್ಟೋ ಮನೆಗಳಲ್ಲಿ ಅನುಮತಿ ಸಿಗುವುದು ಹೀಗೇ: ಒಬ್ಬರ ಹೂಂ, ಇನ್ನೊಬ್ಬರ ಮೌನ.

ಇದಕ್ಕೂ ಹಿಂದಿನದು ಸ್ವಲ್ಪ ಇದೆ. ಶನಿವಾರ ಸಂಜೆ ಹಾಲ್‌ನಲ್ಲಿ ತಂದೆಯ ಗೆಳೆಯರು ಕೂರುವುದು ಈ ಮನೆಯಲ್ಲಿ ಹತ್ತು ವರ್ಷದ ರೂಢಿ. ಮಗ ಐದನೇ ಕ್ಲಾಸಿನಿಂದಲೂ ಐಸ್ ತಂದುಕೊಟ್ಟಿದ್ದಾನೆ, ಸೋಡಾ ತಂದಿದ್ದಾನೆ, ಕಡ್ಲೆಬೀಜ ಹುರಿಸಿಕೊಂಡು ಬಂದಿದ್ದಾನೆ. ಹದಿಮೂರರಲ್ಲಿ, ಜಾತ್ರೆಯ ಬಾಡೂಟದ ದಿನ, ಸೋದರಮಾವ ಬಿಯರ್ ಬಾಟಲಿಯ ಮುಚ್ಚಳದಲ್ಲಿ ಒಂದು ಗುಟುಕು ಕೊಟ್ಟಿದ್ದರು. ಹುಡುಗ ಮುಖ ಕಿವುಚಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಆ ನಗುವಿನಲ್ಲಿ ಕೇಡಿನ ಉದ್ದೇಶವಿರಲಿಲ್ಲ, ನಿಜ. ಆದರೆ ಹುಡುಗನಿಗೆ ಅಂದು ತಿಳಿದದ್ದು ಬಿಯರ್ ಕಹಿ ಎಂಬುದಷ್ಟೇ ಅಲ್ಲ, ಅದನ್ನು ಕುಡಿದರೆ ಮನೆಯವರಿಗೆ ಖುಷಿಯಾಗುತ್ತದೆ ಎಂಬುದೂ.

ಬಂದವರು, ಮಗನೂ ಸೇರಿ, ಹದಿನಾಲ್ಕು ಮಂದಿ. ಹದಿನೆಂಟು ತುಂಬಿದವರು ಇಬ್ಬರೇ. ನಾಲ್ವರು ಹಾಸ್ಟೆಲ್, ಪಿಜಿಗಳಲ್ಲಿರುವವರು. ದಾವಣಗೆರೆಯ ಪಿಯು ಕಾಲೇಜುಗಳಿಗೆ ಜಗಳೂರು, ಚನ್ನಗಿರಿ, ಹರಪನಹಳ್ಳಿ, ಹೊಸದುರ್ಗಗಳಿಂದ ಮಕ್ಕಳು ಬಂದು ಎರಡು ವರ್ಷ ಮೆಸ್ಸಿನ ಊಟ ತಿಂದು ಓದುತ್ತಾರಲ್ಲ, ಅಂಥವರು. ಅವರಿಗೆ ಊರಿನ ಗೆಳೆಯನ ಮನೆಯಿಂದ ಕರೆ ಬಂದರೆ ಅದು ದೊಡ್ಡದು. ಹಳ್ಳಿಯಲ್ಲಿರುವ ತಂದೆತಾಯಿಗೂ "ಫ್ರೆಂಡ್ ಮನೇಲಿ ಬರ್ತ್‌ಡೇ, ಅವರಪ್ಪ ಅಮ್ಮ ಇರ್ತಾರೆ" ಎಂಬ ಒಂದು ಮಾತು ಸಾಕು. ಮನೆಯಲ್ಲಿ ದೊಡ್ಡವರಿದ್ದಾರೆ ಎಂಬುದೇ ಜಾಮೀನು. ಈ ಪ್ರಕರಣದ ಹುಡುಗ ಅಂಥವನು: ಜಗಳೂರು ತಾಲ್ಲೂಕಿನ ಹಳ್ಳಿಯವನು, ಹದಿನೇಳು ವರ್ಷ, 52 ಕೆಜಿ, ಅಲ್ಲಿಯವರೆಗೆ ಕುಡಿದವನಲ್ಲ.

ಏಳರಿಂದ ಹತ್ತೂ ನಲವತ್ತರವರೆಗೆ

ಏಳೂಕಾಲಿಗೆ ಟೆರೇಸಿನಲ್ಲಿ ಕೇಕ್ ಕತ್ತರಿಸಿದರು. ತಂದೆ ಒಂದು ಗ್ಲಾಸ್ ಎತ್ತಿ ಎಲ್ಲರ ಜೊತೆ ಚಿಯರ್ಸ್ ಹೇಳಿ ಕೆಳಗಿಳಿದರು. "ನಾವಿದ್ರೆ ಮಕ್ಕಳಿಗೆ ಮುಜುಗರ" ಎಂಬುದು ಅವರ ವಿವರಣೆ. ಕಣ್ಣೆದುರಿಗೆ ಇರಲಿ ಎಂದು ಶುರುವಾದದ್ದು ಹತ್ತು ನಿಮಿಷದಲ್ಲಿ ಎರಡು ಮೆಟ್ಟಿಲಸಾಲುಗಳ ಆಚೆ ಹೋಯಿತು. ಮುಂದಿನದೆಲ್ಲ ನಡೆದದ್ದು ಆ ಮೆಟ್ಟಿಲುಗಳ ಮೇಲ್ಗಡೆ.

ಬಿರಿಯಾನಿ ಒಂಬತ್ತಕ್ಕೆ ಬರುವುದಿತ್ತು. ಅಲ್ಲಿಯವರೆಗೆ ಮಂಡಕ್ಕಿ, ಮಿರ್ಚಿ. ರಾತ್ರಿಯ ಊಟಕ್ಕೆಂದು ಬಹಳಷ್ಟು ಹುಡುಗರು ಮಧ್ಯಾಹ್ನವೂ ಸರಿಯಾಗಿ ಉಂಡಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಮದ್ಯ ಜಠರದಲ್ಲಿ ನಿಲ್ಲದೆ ಬೇಗ ಸಣ್ಣ ಕರುಳಿಗೆ ಇಳಿಯುತ್ತದೆ, ಅಲ್ಲಿ ಹೀರಿಕೊಳ್ಳುವುದು ಜೋರು. ಹೊಟ್ಟೆ ತುಂಬ ಉಂಡು ಕುಡಿದವನ ರಕ್ತದಲ್ಲಿ ನಿಧಾನಕ್ಕೆ ಏರುವ ಮದ್ಯ, ಉಪವಾಸವಿದ್ದವನಲ್ಲಿ ಬೇಗ ಏರಿ ಹೆಚ್ಚು ಮೇಲಕ್ಕೂ ಹೋಗುತ್ತದೆ. ಕುಡಿತ ಮೊದಲು ಊಟ ಆಮೇಲೆ ಎಂಬ ದೊಡ್ಡವರ ಕ್ರಮವನ್ನೇ ಇಲ್ಲೂ ಇಟ್ಟುಕೊಂಡದ್ದು ಮೊದಲ ತಪ್ಪು.

ಹದಿನಾಲ್ವರಲ್ಲಿ ಐವರು ಬಾಟಲಿ ಮುಟ್ಟಲಿಲ್ಲ. ಹಾಗಾಗಿ ತಲೆಗೊಂದು ಎಂದಿದ್ದ ಲೆಕ್ಕ ಒಂಬತ್ತು ಜನಕ್ಕೆ ಹನ್ನೆರಡು ಬಾಟಲಿ ಎಂದಾಯಿತು. ಏಳೂ ನಲವತ್ತಕ್ಕೆ ದೊಡ್ಡಪ್ಪನ ಮಗ ಬಂದ. ವಯಸ್ಸು ಇಪ್ಪತ್ತೊಂದು, ಬೆನ್ನಿಗೆ ಬ್ಯಾಗು. ಮನೆಯವನೇ ಆದ್ದರಿಂದ ಯಾರೂ ಬ್ಯಾಗ್ ಕಡೆ ನೋಡಲಿಲ್ಲ. ಅದರಲ್ಲಿ 750 ಮಿಲಿಯ ಒಂದು ವೋಡ್ಕಾ ಇತ್ತು. ಒಂದೂಕಾಲು ಲೀಟರಿನ ಎರಡು ನಿಂಬೆ ಸೋಡಾ ಬಾಟಲಿಗಳಿಂದ ಅರ್ಧರ್ಧ ಚೆಲ್ಲಿ, ವೋಡ್ಕಾವನ್ನು ಎರಡಕ್ಕೂ ಸಮನಾಗಿ ಸುರಿದರು. ಎಂಟರಿಂದ ಎಂಟೂ ನಲವತ್ತರವರೆಗೆ ಊನೊ ಕಾರ್ಡ್ ಆಟ. ಸೋತವನು ಒಂದು ಲೋಟವನ್ನು ಒಂದೇ ಉಸಿರಿಗೆ ಇಳಿಸಬೇಕು. ಆಟ ಗೊತ್ತಿಲ್ಲದ ಹಳ್ಳಿಯ ಹುಡುಗ ನಾಲ್ಕು ಸಲ ಸೋತ.

ಎಂಟೂಕಾಲಿಗೆ ತಾಯಿ ಬಿಸಿ ಮಿರ್ಚಿ ತಟ್ಟೆ ಹಿಡಿದು ಮೇಲೆ ಬಂದಿದ್ದರು. ಬಂದವರೇ ಖಾಲಿ ಬಾಟಲಿ ಎಣಿಸಿದರು: ಏಳು. ಲೆಕ್ಕದೊಳಗೇ ಇದೆ ಅನ್ನಿಸಿತು, ಸಮಾಧಾನದಿಂದ ಇಳಿದರು. ಸೋಡಾ ಬಾಟಲಿಗಳು ಅವರ ಎದುರಿಗೇ ಇದ್ದವು. ಅವರು ಎಣಿಸಿದ್ದು ತಾವು ಕೊಟ್ಟಿದ್ದನ್ನು ಮಾತ್ರ.

ಒಂಬತ್ತೂ ಹತ್ತಕ್ಕೆ ಹುಡುಗ ಮೇಲಿನ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡ. ಗೆಳೆಯರು ಎತ್ತಿ ತಂದು ಪಕ್ಕದ ಕೋಣೆಯಲ್ಲಿ ಅಂಗಾತ ಮಲಗಿಸಿದರು, ಫ್ಯಾನ್ ಜೋರು ಮಾಡಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಒಂಬತ್ತೂ ಐವತ್ತಕ್ಕೆ ಇಬ್ಬರು ಸ್ಕೂಟರಿನಲ್ಲಿ ನಿಂಬೆಹಣ್ಣಿಗೆ ಹೋದರು. ಇಬ್ಬರೂ ಕುಡಿದವರು, ಹೆಲ್ಮೆಟ್ ಇಲ್ಲ. ತಂದು ಉಪ್ಪು ಹಾಕಿ ಶರಬತ್ತು ಮಾಡಿ, ಅರೆಪ್ರಜ್ಞೆಯ ಹುಡುಗನ ಬಾಯಿಗೆ ಚಮಚದಲ್ಲಿ ಹುಯ್ದರು. ಕೆಳಗೆ ಯಾರಿಗೂ ಹೇಳಲಿಲ್ಲ. ಹತ್ತೂ ನಲವತ್ತಕ್ಕೆ ತಂಗಿ ಚಾರ್ಜರ್ ಹುಡುಕಿಕೊಂಡು ಮೇಲೆ ಹೋದವಳು ಇಳಿದು ಬಂದು ಅಮ್ಮನಿಗೆ ಹೇಳಿದಳು: "ಮೇಲಿನ್ ರೂಮಲ್ಲಿ ಯಾರೋ ಗೊರಕೆ ಹೊಡೀತಿದಾರೆ, ಆದ್ರೆ ನೀರು ಗುಳುಗುಳು ಅಂದಂಗೆ ಬರ್ತಿದೆ."

ಬಾಟಲಿಯೊಳಗಿನ ಲೆಕ್ಕ

ತಂದೆ ಆಮೇಲೂ ಹೇಳುತ್ತಿದ್ದ ಮಾತು: "ಬಿಯರ್ ತಾನೇ, ಬಾರ್ಲಿ ನೀರಿದ್ದಂಗೆ." ಇದನ್ನು ಅಳೆದು ನೋಡಬೇಕು.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ವೋಡ್ಕಾಗಳಲ್ಲಿ ಮದ್ಯಸಾರ ಶೇ. 42.8. ಅದರ 30 ಮಿಲಿಯ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯ. ಇದನ್ನೇ ಒಂದು ಅಳತೆ ಎಂದಿಟ್ಟುಕೊಳ್ಳೋಣ. ಶೇ. 5ರ ಸಾದಾ ಬಿಯರಿನ 650 ಮಿಲಿ ಬಾಟಲಿಯಲ್ಲಿ ಎರಡೂವರೆ ಅಳತೆ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ ಅದೇ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ಹದಿನೇಳರ ಹುಡುಗನ ಕೈಗೆ ನಾಲ್ಕು ಪೆಗ್ ವಿಸ್ಕಿ ಸುರಿದುಕೊಡಿ ಎಂದಿದ್ದರೆ ಈ ತಂದೆ ಹೌಹಾರುತ್ತಿದ್ದರು. ಒಂದು ಬಾಟಲಿ ಬಿಯರ್ ಅಂದಾಗ ಏನೂ ಅನ್ನಿಸಲಿಲ್ಲ. ಒಂದು ಎಂಬ ಸಂಖ್ಯೆ ಕಿವಿಗೆ ಅಷ್ಟು ಸಣ್ಣದಾಗಿ ಕೇಳುತ್ತದೆ.

750 ಮಿಲಿ ವೋಡ್ಕಾದಲ್ಲಿ ಇಪ್ಪತ್ತೈದು ಅಳತೆ. ಹನ್ನೆರಡು ಬಿಯರಿನಲ್ಲಿ ನಲವತ್ತೆಂಟು. ಟೆರೇಸಿನ ಮೇಲೆ ಒಟ್ಟು ಇದ್ದದ್ದು 73. ಒಂಬತ್ತು ಜನಕ್ಕೆ ಹಂಚಿದರೆ ತಲೆಗೆ ಎಂಟು ಪೆಗ್.

ಆ ಹುಡುಗನದನ್ನೇ ಬಿಡಿಸೋಣ. ಸೋಡಾ ಬೆರೆಸಿದ ಒಂದೊಂದು ಬಾಟಲಿಯಲ್ಲಿ 375 ಮಿಲಿ ವೋಡ್ಕಾ, 625 ಮಿಲಿ ಸೋಡಾ, ಮಿಶ್ರಣ ಶೇ. 16. ಮುಕ್ಕಾಲು ತುಂಬಿದ ಪ್ಲಾಸ್ಟಿಕ್ ಲೋಟ ಸುಮಾರು 150 ಮಿಲಿ, ಅದರಲ್ಲಿ 19 ಗ್ರಾಂ ಮದ್ಯ. ನಾಲ್ಕು ಲೋಟಕ್ಕೆ 76. ಅದಕ್ಕೂ ಮೊದಲು ಅರ್ಧ ಬಾಟಲಿ ಬಿಯರಿನ 20. ಒಟ್ಟು 96 ಗ್ರಾಂ, ಹೆಚ್ಚಿನ ಪಾಲು ನಲವತ್ತು ನಿಮಿಷದೊಳಗೆ. 52 ಕೆಜಿ ಮೈಗೆ ಅದು 100 ಮಿಲಿ ರಕ್ತದಲ್ಲಿ 270 ಮಿಲಿಗ್ರಾಂವರೆಗೆ ಹೋಗಬಲ್ಲದು. ಲಿವರ್ ಗಂಟೆಗೆ 15ರಿಂದ 20 ಮಿಲಿಗ್ರಾಂ ಮಾತ್ರ ಇಳಿಸಬಲ್ಲದು, ಅದಕ್ಕಿಂತ ಬೇಗ ಅದರ ಕೈಲಾಗದು. ಕಳೆದು ನೋಡಿದರೂ 230ರ ಆಸುಪಾಸು. ಗಾಡಿ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 30.

ಸಿಹಿ ಸೋಡಾ ಮಾಡುವ ಕೆಲಸ ಇಲ್ಲಿದೆ. ನೇರ ವೋಡ್ಕಾ ಆದರೆ ಮೊದಲ ಸಲದವನ ಗಂಟಲು ಉರಿದು ಕೆಮ್ಮು ಬರುತ್ತದೆ, ಅವನು ಎರಡನೆಯದಕ್ಕೆ ಹಿಂಜರಿಯುತ್ತಾನೆ. ಸೋಡಾ ಆ ತಡೆಯನ್ನು ತೆಗೆದುಬಿಡುತ್ತದೆ. ಒಂದೇ ಉಸಿರಿಗೆ ಇಳಿಸುವ ಆಟ ಇನ್ನೊಂದು ತಡೆಯನ್ನು ತೆಗೆಯುತ್ತದೆ: ನಿಧಾನವಾಗಿ ಕುಡಿಯುವವನಿಗೆ ತಲೆ ತಿರುಗಿ ಸಾಕೆನ್ನಿಸುವ ಹೊತ್ತಿಗೆ ಇವನ ಹೊಟ್ಟೆಯಲ್ಲಿ ಇನ್ನೂ ರಕ್ತಕ್ಕೆ ಸೇರದ ಎರಡು ಲೋಟಗಳಿರುತ್ತವೆ.

ಹುಡುಗಿಯರ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅದೇ ತೂಕದ ಹುಡುಗಿಯ ದೇಹದಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ರಕ್ತದ ಮಟ್ಟ ಹೆಚ್ಚು.

ಗೊರಕೆ

ಈ ಪ್ರಕರಣದಿಂದ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಈ ಭಾಗದ್ದಿರಲಿ. ಬೆಳಗಾಗುವುದರೊಳಗೆ ಜೀವ ಹೋಗುವುದು ಇಲ್ಲಿ.

ಗೆಳೆಯರು ಅಂದುಕೊಂಡದ್ದು "ಮಲಗಿದ್ರೆ ಇಳಿಯುತ್ತೆ" ಎಂದು. ಕೊನೆಯ ಲೋಟ ಇಳಿದದ್ದು ಎಂಟೂ ನಲವತ್ತಕ್ಕೆ. ಹೊಟ್ಟೆ ಕರುಳಿನಲ್ಲಿ ಉಳಿದದ್ದು ಅದಾದ ಅರ್ಧ ಗಂಟೆ, ಒಂದು ಗಂಟೆ, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಎಚ್ಚರ ತಪ್ಪಿ ಮಲಗಿದ ಮೇಲೂ ಮಟ್ಟ ಏರಬಹುದು. ಏರಿದಂತೆ ಮಂಕಾಗುವುದು ಮಾತು, ನಡೆ ಮಾತ್ರವಲ್ಲ. ಗಂಟಲಿಗೆ ಏನಾದರೂ ಬಂದರೆ ಕೆಮ್ಮಿ ಹೊರಹಾಕುವ ಸಹಜ ಪ್ರತಿಕ್ರಿಯೆ ಕುಂದುತ್ತದೆ, ಉಸಿರನ್ನು ನಡೆಸುವ ಮಿದುಳಿನ ಭಾಗವೂ ನಿಧಾನವಾಗುತ್ತದೆ. ಅಂಗಾತ ಮಲಗಿದವನ ನಾಲಗೆ ಹಿಂದಕ್ಕೆ ಜಾರಿ ಗಂಟಲಿಗೆ ಅಡ್ಡ ಬರುತ್ತದೆ. ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ತಂಗಿಗೆ ಕೇಳಿಸಿದ ಗುಳುಗುಳು ಸದ್ದು ಅದೇ. ಅದನ್ನು ಗಾಢ ನಿದ್ದೆ ಎಂದುಕೊಳ್ಳುವುದು ಸಾಮಾನ್ಯ. ಅದು ದಾರಿ ಕಟ್ಟಿದ ಉಸಿರು.

ಗೆಳೆಯರು ಪ್ರೀತಿಯಿಂದ ಮಾಡಿದ ಮೂರು ಕೆಲಸಗಳೂ ತಿರುಗುಬಾಣವಾದವು. ಶರಬತ್ತು ಹೊಟ್ಟೆಗಿಂತ ಹೆಚ್ಚಾಗಿ ಶ್ವಾಸಕೋಶದ ಕಡೆ ಹೋಗುವ ಸಂಭವವಿತ್ತು. ಫ್ಯಾನ್ ಮತ್ತು ಒದ್ದೆ ಬಟ್ಟೆ ಮೈಯನ್ನು ಇನ್ನಷ್ಟು ತಣ್ಣಗಾಗಿಸಿದವು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಬಿಡುತ್ತಿರುತ್ತದೆ, ಹೀಗಾಗಿ ತಣ್ಣೀರು ಸುರಿಯುವುದು ಇನ್ನೂ ಕೆಟ್ಟದ್ದು. ಅಂಗಾತ ಮಲಗಿಸಿದ್ದು ಎಲ್ಲಕ್ಕಿಂತ ದೊಡ್ಡದು. ನಿಂಬೆ, ಮಜ್ಜಿಗೆ, ಕಾಫಿ, ಉಪ್ಪಿನಕಾಯಿ ಯಾವುದೂ ರಕ್ತದಲ್ಲಿರುವ ಮದ್ಯವನ್ನು ಒಂದು ಮಿಲಿಗ್ರಾಂ ಇಳಿಸುವುದಿಲ್ಲ. ಬೆರಳು ಹಾಕಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಮಾಡಬೇಕಾದದ್ದು ಇಷ್ಟು. ಹೆಸರು ಹಿಡಿದು ಕೂಗಿ, ಭುಜ ಅಲುಗಾಡಿಸಿ. ಕಣ್ಣು ಬಿಟ್ಟು ಉತ್ತರ ಕೊಡದಿದ್ದರೆ 108ಕ್ಕೆ ಫೋನ್ ಮಾಡಿ. ಇನ್ನೊಬ್ಬರನ್ನು ಕೇಳುವ, ಸ್ವಲ್ಪ ಹೊತ್ತು ನೋಡುವ ಮಾತಿಲ್ಲ. ಎದೆ ಏರಿಳಿಯುವುದನ್ನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ. ದೊಡ್ಡವರಿಗೆ ಸಾಮಾನ್ಯ 12ರಿಂದ 20. ಎಂಟಕ್ಕಿಂತ ಕಡಿಮೆಯಿದ್ದರೆ, ಅಥವಾ ಎರಡು ಉಸಿರುಗಳ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ, ತುಟಿ ಉಗುರು ನೀಲಿಗಟ್ಟಿದ್ದರೆ, ಸೆಳವು ಬಂದರೆ ಅಪಾಯ ತಲೆಯ ಮೇಲೇ ಇದೆ ಎಂದು ಫೋನಿನಲ್ಲಿ ಹೇಳಿ. ಆಂಬುಲೆನ್ಸ್ ಬರುವವರೆಗೆ ಪಕ್ಕಕ್ಕೆ ಮಲಗಿಸಿ: ಅವನ ಬಲಗಡೆ ಮಂಡಿಯೂರಿ ಕೂತು, ಬಲಗೈಯನ್ನು ಭುಜದ ನೇರಕ್ಕೆ ನಿಮ್ಮ ಕಡೆ ಹೊರಗೆ ಚಾಚಿ; ಎಡಗೈಯನ್ನು ಎದೆಯ ಮೇಲಿಂದ ತಂದು ಅಂಗೈಯ ಹಿಂಭಾಗ ಬಲಗೆನ್ನೆಗೆ ತಾಗುವಂತೆ ಹಿಡಿಯಿರಿ; ಎಡ ಮಂಡಿಯನ್ನು ಮಡಚಿ ಎತ್ತಿ, ಅದನ್ನೇ ಹಿಡಿಯಾಗಿ ನಿಮ್ಮ ಕಡೆ ಎಳೆದರೆ ಇಡೀ ಮೈ ಉರುಳಿ ಬರುತ್ತದೆ. ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆ ಇರಲಿ. ಮೇಲೊಂದು ಚಾದರ. ಒಬ್ಬರು ಪಕ್ಕದಲ್ಲೇ ಕೂರಬೇಕು. ಉಸಿರು ನಿಂತೇಬಿಟ್ಟರೆ 108ರವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತುವುದನ್ನು ಶುರುಮಾಡಬೇಕು.

ತಾಯಿ ಮೇಲೆ ಹೋದಾಗ ಉಸಿರು ನಿಮಿಷಕ್ಕೆ ಏಳು. ಅಲ್ಲಿಂದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂವತ್ತೈದು ನಿಮಿಷ ಹೋಯಿತು, ಮನೆಯಿಂದ ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿ. ಪರಿಚಯದ ಡಾಕ್ಟರಿಗೆ ಫೋನ್ ಹಚ್ಚುತ್ತ ಹನ್ನೆರಡು ನಿಮಿಷ. ಪೊಲೀಸು ಗಿಲೀಸು ಅನ್ನದ ಆಸ್ಪತ್ರೆ ಯಾವುದು ಎಂಬ ಚರ್ಚೆಗೆ ಇನ್ನಷ್ಟು. ಆಮೇಲೆ, ಇದನ್ನು ಬರೆಯಲೇಬೇಕು, ವಾಸನೆ ಬರಬಾರದೆಂದು ಹುಡುಗನ ಅಂಗಿ ಬಿಚ್ಚಿ ಮಗನ ಇಸ್ತ್ರಿ ಮಾಡಿದ ಅಂಗಿ ತೊಡಿಸಿದರು. ಗುಂಡಿ ಹಾಕಿದ್ದು ತಂದೆ.

ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ 48. ಮದ್ಯವನ್ನು ಕರಗಿಸುವ ಕೆಲಸದಲ್ಲಿ ಲಿವರ್ ಸಕ್ಕರೆ ತಯಾರಿಸುವುದನ್ನು ಬದಿಗಿಡುತ್ತದೆ. ಉಪವಾಸವಿದ್ದ ಎಳೆಯ ಮೈಯಲ್ಲಿ ಸಕ್ಕರೆ ಕುಸಿಯುವುದು ಇದರಿಂದ. ನೋಡುವವರಿಗೆ ಅಮಲಿನಂತೆ ಕಾಣುತ್ತದೆ, ಒಳಗೆ ಮಿದುಳು ಹಸಿದಿರುತ್ತದೆ. ಡೆಕ್ಸ್‌ಟ್ರೋಸ್ ಹನಿಸಿದರು, ಆಮ್ಲಜನಕ ಕೊಟ್ಟರು, ಬಾಯಿಯಲ್ಲಿದ್ದುದನ್ನು ಹೀರಿ ತೆಗೆದರು. "ಹೊಟ್ಟೆ ತೊಳೀರಿ ಡಾಕ್ಟ್ರೇ" ಎಂದು ತಂದೆ ಕೇಳಿದ್ದಕ್ಕೆ, ಅಷ್ಟು ಹೊತ್ತಿಗೆ ಹೊಟ್ಟೆಯಲ್ಲಿ ತೊಳೆಯುವಂಥದ್ದು ಏನೂ ಉಳಿದಿರುವುದಿಲ್ಲ ಎಂಬ ಉತ್ತರ ಬಂತು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಪ್ರಕರಣ ಎಂದು ಬರೆದರು. ಮರುದಿನ ಜ್ವರ, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಕಲೆ. ನಾಲ್ಕು ದಿನ ದಾಖಲಾಗಿದ್ದ.

ಅನುಮತಿ ಮಾಡಿದ್ದೇನು

ಮೇಲಿದ್ದವರು ಒಂದೂವರೆ ಗಂಟೆ ಯಾಕೆ ಬಾಯಿ ಬಿಡಲಿಲ್ಲ? ಬಿಯರ್ ಕುಡಿಯಲು ಅನುಮತಿಯಿದ್ದ ಮನೆ, ಹೆದರಿಕೆಗೆ ಕಾರಣವೇ ಇರಬಾರದಿತ್ತು. ಮಗನ ಉತ್ತರ ನೇರವಾಗಿತ್ತು: "ಅಪ್ಪಾಜಿ ನಂಬಿ ಬಿಯರ್ ಕೊಡ್ಸಿದ್ರು. ವೋಡ್ಕಾ ಅಂತ ಗೊತ್ತಾದ್ರೆ ಮತ್ಯಾವತ್ತೂ ಬಿಡ್ತಿರ್ಲಿಲ್ಲ." ಅನುಮತಿ ಕೊಟ್ಟರೆ ಮಕ್ಕಳು ಮುಚ್ಚಿಡುವುದಿಲ್ಲ ಎಂಬುದು ದೊಡ್ಡವರ ನಂಬಿಕೆ. ಇಲ್ಲಿ ಆದದ್ದು ಮುಚ್ಚಿಡುವ ಗೆರೆ ಒಂದು ಹೆಜ್ಜೆ ಆಚೆ ಸರಿದದ್ದು, ಅಷ್ಟೇ. ಮೊದಲು ಬಿಯರ್ ಗುಟ್ಟು, ಈಗ ವೋಡ್ಕಾ ಗುಟ್ಟು. ಜೊತೆಗೆ ಕಳೆದುಕೊಳ್ಳಲು ಒಂದು ಅನುಮತಿಯೂ ಇತ್ತು.

ಇನ್ನೊಂದು, ತಂದೆ ಅನುಮತಿ ಕೊಟ್ಟದ್ದು ತಮ್ಮ ಮಗನಿಗೆ. ಅದನ್ನು ಪಡೆದುಕೊಂಡವರು ಹದಿಮೂರು ಮಂದಿ ಇತರರ ಮಕ್ಕಳು. ಅವತ್ತು ಕುಡಿದ ಒಂಬತ್ತರಲ್ಲಿ ನಾಲ್ವರಿಗೆ ಅದು ಮೊದಲ ಸಲ. ಅವರಲ್ಲೊಬ್ಬ ಹೇಳಿದ: "ಅಂಕಲ್ಲೇ ಚಿಯರ್ಸ್ ಅಂದ್ರಲ್ಲ." ಬೇಡ ಅನ್ನಲು ಹುಡುಗರಿಗೆ ಇರುವ ಅತಿ ಸುಲಭದ ನೆಪ "ಮನೇಲಿ ಗೊತ್ತಾದ್ರೆ ಕೊಂದೇಬಿಡ್ತಾರೆ" ಎಂಬುದು. ಎದುರಿಗೇ ಒಬ್ಬ ತಂದೆ ಗ್ಲಾಸ್ ಎತ್ತಿದಾಗ ಆ ನೆಪ ನಡೆಯುವುದಿಲ್ಲ.

"ಈಗಿನ್ ಹುಡುಗ್ರು ಎಲ್ಲಾ ಕುಡೀತಾರೆ ಬಿಡ್ರಿ" ಎಂಬ ಮಾತಿಗೂ ಒಂದು ಅಂಕಿ ಇದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ. 14.6, 10ರಿಂದ 17ರವರಲ್ಲಿ ಶೇ. 1.3. ಕೇಳಿದರೆ ಹುಡುಗರು ಎಲ್ಲವನ್ನೂ ಹೇಳುವುದಿಲ್ಲ ಎಂದು ಎರಡು ಪಟ್ಟು, ಮೂರು ಪಟ್ಟು ಮಾಡಿದರೂ "ಎಲ್ಲಾ" ಆಗುವುದಿಲ್ಲ.

ಮನೆಯಲ್ಲೇ ರೂಢಿ ಮಾಡಿಸಿದರೆ ಹಿತಮಿತ ಕಲಿಯುತ್ತಾರೆ ಎಂಬ ವಾದವನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದ್ದಾರೆ. ರಿಚರ್ಡ್ ಮ್ಯಾಟಿಕ್ ಮತ್ತು ಸಂಗಡಿಗರು 1,927 ಹದಿಹರೆಯದವರನ್ನು 2010ರಿಂದ 2016ರವರೆಗೆ ವರ್ಷವರ್ಷವೂ ವಿಚಾರಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ: ತಂದೆತಾಯಿ ಮದ್ಯ ಕೊಟ್ಟದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಮನೆಯಲ್ಲಿ ಸಿಕ್ಕವರು ಮರುವರ್ಷ ಹೊರಗಿನವರಿಂದಲೂ ಪಡೆಯುವ ಸಾಧ್ಯತೆ, ಎಲ್ಲೂ ಸಿಗದವರಿಗಿಂತ ಹೆಚ್ಚಿತ್ತು. ಆಸ್ಟ್ರೇಲಿಯಾದ ಮನೆ ದಾವಣಗೆರೆಯ ಮನೆಯಲ್ಲ, ಒಪ್ಪೋಣ. ಯುರೋಪಿನಲ್ಲಿ ಮಕ್ಕಳಿಗೆ ಕೊಡ್ತಾರಂತೆ ಎಂಬ ಮಾತು ಬಂದಾಗಲೂ ಇದೇ ಎಚ್ಚರ ಇರಲಿ: ಹದಿನಾರಕ್ಕೇ ಬಿಯರ್ ಕೊಳ್ಳಬಹುದಾದ ಡೆನ್ಮಾರ್ಕ್, ಅಲ್ಲಿಯ ಹದಿಹರೆಯದ ಕುಡಿತದ ಸಮೀಕ್ಷೆಗಳಲ್ಲಿ ಮುಂದಿನ ಸಾಲಿನಲ್ಲೇ ಇರುತ್ತದೆ.

ಕಾನೂನಿನ ಮಾತು ಬೇಗ ಮುಗಿಸಬಹುದು. ತಂದೆ ಹದಿನೆಂಟು ತುಂಬಿತಲ್ಲ ಅಂದುಕೊಂಡಿದ್ದರು. ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸು 21. ಅದನ್ನು 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಸರ್ಕಾರ ತಂದು, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಅದಕ್ಕಿಂತ ಗಂಭೀರವಾದದ್ದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ: 18ರೊಳಗಿನ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ವಿನಾಯಿತಿ ಇರುವುದು ವೈದ್ಯರ ಸಲಹೆಗೆ ಮಾತ್ರ. ತಂದೆಯ ಒಪ್ಪಿಗೆಗೆ ಇಲ್ಲ. ಟೆರೇಸಿನಲ್ಲಿ ಅಂಥ ಮಕ್ಕಳು ಹನ್ನೆರಡು. ನಿಂಬೆಹಣ್ಣಿಗೆ ಹೋದ ಸ್ಕೂಟರ್ ತಾಯಿಯ ಹೆಸರಿನಲ್ಲಿತ್ತು, ಓಡಿಸಿದವನಿಗೆ ಹದಿನೇಳು. ಏನಾದರೂ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಹಿಡಿಯುತ್ತಿದ್ದುದು ಗಾಡಿಯ ಒಡತಿಯನ್ನು: ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಓಡಿಸಿದವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಆಮೇಲೆ

ಹುಡುಗನ ತಂದೆ ಬೆಳಗಿನ ಮೊದಲ ಬಸ್ಸಿಗೆ ಬಂದರು. ಕೂಗಾಡಲಿಲ್ಲ. ಆಸ್ಪತ್ರೆಯ ಬಿಲ್ ತಾನು ಕಟ್ಟುತ್ತೇನೆಂದು ಮನೆಯ ಯಜಮಾನರು ಮುಂದಾದಾಗ, "ಅದು ಇರ್ಲಿ ಸಾರ್, ನಮ್ಮನ್ನ ಒಂದ್ ಮಾತು ಕೇಳ್ಬಹುದಿತ್ತಲ್ರಿ" ಎಂದರು. ಬಿಲ್ಲಿನ ಅರ್ಧ ತಾವೇ ಕಟ್ಟಿದರು.

ಎರಡು ವಾರದ ನಂತರ ಮನೆಯವರು ಆಪ್ತಸಮಾಲೋಚನೆಗೆ ಒಪ್ಪಿದರು. ಮಗನಿಗೆ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಪಟ್ಟಿ ಕೊಡಲಾಯಿತು: ಕುಡಿದವರು ಓಡಿಸುವ ಗಾಡಿಯಲ್ಲಿ ಕೂತದ್ದು, ಒಬ್ಬನೇ ಕುಡಿದದ್ದು, ಕುಡಿದಾಗ ಮಾಡಿದ್ದನ್ನು ಮರೆತದ್ದು, ಇಂಥವು. ಎರಡು ಹೌದು ಬಂದರೆ ಮುಂದೆ ವಿಚಾರಿಸಬೇಕೆಂದು ಅರ್ಥ, ಅವನದು ಮೂರು. ಪರೀಕ್ಷೆಗೆ ಮೊದಲು ಎರಡು ಸಲ ತಂದೆಯ ಬಾಟಲಿಯಿಂದ ತೆಗೆದು, ಅಷ್ಟೇ ನೀರು ತುಂಬಿಸಿಟ್ಟದ್ದು ಆಗ ಹೊರಬಿತ್ತು.

ಮಗಳ ಹುಟ್ಟುಹಬ್ಬ ಆಗಸ್ಟಿನಲ್ಲಿತ್ತು. ಅದನ್ನೇ ಮುಂದಿಟ್ಟುಕೊಂಡು ಮನೆಯವರು ಹೊಸ ಕ್ರಮ ಬರೆದರು. ಹಿಂದಿನ ದಿನ ತಾಯಿ ಪ್ರತಿ ಮಗುವಿನ ಮನೆಗೆ ಖುದ್ದು ಫೋನ್ ಮಾಡುತ್ತಾರೆ, ಹಾಸ್ಟೆಲಿನವರಾದರೆ ಊರಿನ ನಂಬರಿಗೆ. ಮಕ್ಕಳು ಬಂದ ಅರ್ಧ ಗಂಟೆಯೊಳಗೆ ಊಟ. ಬ್ಯಾಗುಗಳು ಕೆಳಗಿನ ಕೋಣೆಯಲ್ಲಿ, ಗಾಡಿ ಕೀಲಿ ಅಡುಗೆಮನೆಯ ಡಬ್ಬಿಯಲ್ಲಿ. ಕುಡಿಯುವುದೇನಿದ್ದರೂ ಮನೆಯವರೇ ಸೀಲ್ ಒಡೆದು ಸುರಿದದ್ದು. ಒಬ್ಬ ದೊಡ್ಡವರು ಟೆರೇಸಿನಲ್ಲೇ. ಪಹರೆಯವರಂತೆ ಅಲ್ಲ, ದೋಸೆ ಹುಯ್ಯುತ್ತಲೋ ಐಸ್‌ಕ್ರೀಂ ಹಂಚುತ್ತಲೋ. ಇಪ್ಪತ್ತು ದಾಟಿದ ಅಣ್ಣಂದಿರು ಬರುವುದಿದ್ದರೆ ಕೆಳಗೆ, ದೊಡ್ಡವರ ಜೊತೆ. ಒಂಬತ್ತೂವರೆಗೆ ಮುಗಿತಾಯ. ಮಗನಿಗೂ ಮಗಳಿಗೂ ಒಂದು ಸಂಕೇತ: ಎಲ್ಲಿಂದಲಾದರೂ "ಹಾಲು ತರ್ಲಾ?" ಎಂದು ಮೆಸೇಜ್ ಬಂದರೆ ಅಪ್ಪನೋ ಅಮ್ಮನೋ ಫೋನ್ ಮಾಡಿ ತಾವೇ ಗದರಿಸಿ ಕರೆಯುತ್ತಾರೆ, ಹೋಗಿ ಕರೆತರುತ್ತಾರೆ, ಆ ರಾತ್ರಿ ಪ್ರಶ್ನೆ ಇಲ್ಲ. ಪ್ರಶ್ನೆ ಬೆಳಿಗ್ಗೆ. ಈ ಕೊನೆಯದಕ್ಕೆ ಒಪ್ಪಿಸಲು ತಂದೆಗೆ ಬಹಳ ಹೊತ್ತು ಬೇಕಾಯಿತು. ಪ್ರಶ್ನೆ ಇಲ್ಲ ಅಂದರೆ ಸಲುಗೆ ಅಲ್ಲವೇ ಎಂಬುದು ಅವರ ತಕರಾರು. ಬಿಯರಿಗೆ ಹೂಂ ಅಂದವರಿಗೆ ಇದು ಸಲುಗೆಯಾಗಿ ಕಂಡದ್ದು ವಿಚಿತ್ರವೇ.

ಮೂರು ತಿಂಗಳ ಭೇಟಿಯ ಹೊತ್ತಿಗೆ ಮಗ ಒಮ್ಮೆ ಆ ಮೆಸೇಜ್ ಕಳಿಸಿದ್ದ. ಹರಿಹರದ ಕಡೆಯ ಒಂದು ಪಾರ್ಟಿಯಿಂದ, ರಾತ್ರಿ ಹತ್ತಕ್ಕೆ. ಕುಡಿದಿದ್ದ, ಆದರೆ ಗಾಡಿ ಹತ್ತಿರಲಿಲ್ಲ. ತಾಯಿ ಹೋಗಿ ಕರೆತಂದರು.

ತಂದೆಗೂ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದಾಯಿತು. ಎಂಟಕ್ಕೆ ಎಚ್ಚರಿಕೆಯ ಗೆರೆ, ಅವರದು ಹನ್ನೊಂದು. ಶನಿವಾರದ ಕೂಟವನ್ನು ಹಾಲ್‌ನಿಂದ ಗೆಳೆಯರೊಬ್ಬರ ತೋಟದ ಮನೆಗೆ ಬದಲಿಸಿದ್ದೇನೆ, ಮಕ್ಕಳ ಕಣ್ಣಿಗೆ ಬೀಳುವುದಿಲ್ಲ ಎಂದು ಅವರು ಹೇಳಿದರು. ಪಕ್ಕದಲ್ಲಿ ಕೂತಿದ್ದ ಮಗ, "ಅಲ್ಲಿಂದ ಗಾಡಿ ಯಾರು ಓಡಿಸ್ಕೊಂಡು ಬರ್ತಾರೆ ಅಪ್ಪಾಜಿ?" ಎಂದು ಕೇಳಿದ. ಮುಂದಿನ ಭೇಟಿ ತಂದೆ ಒಬ್ಬರಿಗೇ ಎಂದು ನಿಗದಿಯಾಗಿದೆ.